ಮೈಸೂರಿನ ಅಪ್ಪನ ಜೊತೆ ರೇಡಿಯೋದಲ್ಲಿ ಮಾತು: ಅಮೆರಿಕದ ಹ್ಯಾಮ್ ಲೈಸೆನ್ಸ್ ಈಗ ಹೇಗಿದೆ?

ಪ್ರಶ್ನೆ: ನಾನು ಮೈಸೂರಿನವನು. ಇಂಜಿನಿಯರಿಂಗ್ ಓದುವಾಗ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸಿನ ಕೆಳ ದರ್ಜೆಯಾದ ರಿಸ್ಟ್ರಿಕ್ಟೆಡ್ ಗ್ರೇಡ್ ಪರೀಕ್ಷೆ ಬರೆದು, ವಿಯು3 ಅಂತ ಶುರುವಾಗುವ ಕಾಲ್‌ಸೈನ್ (ರೇಡಿಯೋದಲ್ಲಿ ಹೇಳುವ ಗುರುತು) ತಗೊಂಡಿದ್ದೆ. ಅದು ಇನ್ನೂ ಚಾಲ್ತಿಯಲ್ಲಿದೆ. ಈಗ ಎಚ್-1ಬಿ ವೀಸಾದಲ್ಲಿ ಟೆಕ್ಸಾಸ್‌ನ ಫ್ರಿಸ್ಕೋದಲ್ಲಿ ಇದ್ದೇನೆ. ಅಪ್ಪ ಅದಕ್ಕಿಂತ ಮೇಲಿನ ದರ್ಜೆಯ ಹಳೆಯ ವಿಯು2 ಹ್ಯಾಮ್, ಈಗ 74 ವರ್ಷ. ಅವರ ಜೊತೆ ರೇಡಿಯೋದಲ್ಲೇ ಮಾತಾಡಬೇಕು, ಮಕ್ಕಳಿಬ್ಬರನ್ನೂ (13 ಮತ್ತು 9 ವರ್ಷ) ಮಾತಾಡಿಸಬೇಕು ಅಂತ ಆಸೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸಿಟಿಜನ್ ಅಲ್ಲದವರಿಗೆ ಲೈಸೆನ್ಸ್ ಇಲ್ಲವಂತೆ. ಮೋರ್ಸ್ (ಡಾಟ್-ಡ್ಯಾಶ್ ಸಂಕೇತ) ಇಲ್ಲದೆ ಎಚ್‌ಎಫ್ (ದೂರ ದೇಶ ಮುಟ್ಟುವ ಶಾರ್ಟ್‌ವೇವ್) ಸಿಗಲ್ಲ ಅಂತ ಅಪ್ಪ. ಈಗ ಮೊದಲ ದರ್ಜೆಯ ಟೆಕ್ನಿಷಿಯನ್ ಲೈಸೆನ್ಸಿಗೇ ಎಲ್ಲ ಬ್ಯಾಂಡ್ (ಫ್ರೀಕ್ವೆನ್ಸಿಗಳ ಪಟ್ಟಿ) ಕೊಟ್ಟಿದ್ದಾರೆ ಅಂತ ಗೆಳೆಯ. ವರ್ಷಕ್ಕೆ 35 ಡಾಲರ್ ಕಟ್ಟಬೇಕಂತೆ. ನಮ್ಮ ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ) ಆಂಟೆನಾ ಕಟ್ಟೋಕೆ ಬಿಡಲ್ಲ. ಇದರಲ್ಲಿ ಯಾವುದು ನಿಜ, ಎಲ್ಲಿಂದ ಶುರು ಮಾಡಲಿ?

ಉತ್ತರ:

ನೀವು ಐದಾರು ಪ್ರಶ್ನೆ ಕೇಳಿದ್ದೀರಿ, ಆದರೆ ನಿಮಗೆ ಬೇಕಾಗಿರುವುದು ಒಂದೇ: ಅಪ್ಪನ ದನಿ ಸ್ಪೀಕರಿನಲ್ಲಿ ಬರಬೇಕು, ಮಕ್ಕಳು ಅದಕ್ಕೆ ಉತ್ತರ ಕೊಡಬೇಕು. ಅದನ್ನೇ ಮುಂದಿಟ್ಟುಕೊಂಡು ಬರೆಯುತ್ತೇನೆ. ನಾನು ಇಲ್ಲಿ ಹ್ಯಾಮ್ ಪರೀಕ್ಷೆ ನಡೆಸುವ ಸ್ವಯಂಸೇವಕ ಪರೀಕ್ಷಕರಲ್ಲಿ ಒಬ್ಬ. ನೀವು ಕೇಳಿಸಿಕೊಂಡ ಮಾತುಗಳನ್ನೆಲ್ಲ ಪರೀಕ್ಷೆಗೆ ಬಂದವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಸುಳ್ಳಲ್ಲ, ಹಳೆಯವು. ಯಾವುದೋ ಕಾಲದಲ್ಲಿ, ಯಾವುದೋ ದೇಶದಲ್ಲಿ ನಿಜ ಆಗಿದ್ದವು.

ಮೊದಲು ವೀಸಾ ಮಾತು. ಇಲ್ಲಿ ರೇಡಿಯೋ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ. ಅದರ ನಿಯಮದಲ್ಲಿ ಪೌರತ್ವದ ಷರತ್ತು ಇಲ್ಲ. ಬೇರೆ ದೇಶದ ಸರ್ಕಾರದ ಪ್ರತಿನಿಧಿಯೊಬ್ಬರನ್ನು ಬಿಟ್ಟರೆ, ಪರೀಕ್ಷೆ ಪಾಸಾದ ಯಾರಿಗಾದರೂ ಲೈಸೆನ್ಸ್ ಸಿಗುತ್ತದೆ. ಎಚ್-1ಬಿ, ಎಚ್-4, ಎಫ್-1 ಯಾವುದಾದರೂ ಸರಿ. ಟಪಾಲು ತಲುಪುವ ಅಮೆರಿಕದ ವಿಳಾಸ ಬೇಕು, ಇಮೇಲ್ ಬೇಕು. ಎಫ್‌ಸಿಸಿಯ ವೆಬ್‌ಸೈಟಿನಲ್ಲಿ ಮೊದಲೇ ಎಫ್‌ಆರ್‌ಎನ್ ಅನ್ನೋ ನೋಂದಣಿ ಸಂಖ್ಯೆ ಮಾಡಿಸಿಕೊಳ್ಳಬೇಕು. ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದವರಿಗೂ ಅದಕ್ಕೆ ದಾರಿ ಇದೆ, ನಿಮ್ಮ ಮನೆಯವರು ಎಚ್-4ನಲ್ಲಿದ್ದರೆ ಚಿಂತೆ ಬೇಡ. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ನೀವು ಕೊಟ್ಟ ವಿಳಾಸ ಎಫ್‌ಸಿಸಿಯ ದಾಖಲೆಯಲ್ಲಿ ಯಾರು ಬೇಕಾದರೂ ನೋಡುವಂತೆ ಇರುತ್ತದೆ. ಮಕ್ಕಳ ಹೆಸರಲ್ಲೂ ಲೈಸೆನ್ಸ್ ಮಾಡಿಸುವ ಯೋಚನೆ ಇದ್ದರೆ ಪೋಸ್ಟ್ ಬಾಕ್ಸ್ ವಿಳಾಸ ಕೊಡಿ. ನಾನು ಎಲ್ಲ ಅಪ್ಪ ಅಮ್ಮಂದಿರಿಗೂ ಇದನ್ನೇ ಹೇಳುತ್ತೇನೆ.

ಹಾಗಾದರೆ ಕೈಯಲ್ಲಿರುವ ವಿಯು3? ಅದು ಇಲ್ಲಿ ಪೂರ್ತಿ ವ್ಯರ್ಥ ಅಲ್ಲ. ಭಾರತಕ್ಕೂ ಅಮೆರಿಕಕ್ಕೂ ಪರಸ್ಪರ ಒಪ್ಪಂದ ಇದೆ. ಭಾರತದ ಪ್ರಜೆ ತನ್ನ ಚಾಲ್ತಿಯಲ್ಲಿರುವ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ಪ್ರಸಾರ ಮಾಡಬಹುದು. ಅಮೆರಿಕದ ಕಾಲ್‌ಸೈನ್ ವಲಯಗಳಲ್ಲಿ ಟೆಕ್ಸಾಸ್ 5ನೆಯದು. ಹಾಗಾಗಿ ನಿಮ್ಮ ಕಾಲ್‌ಸೈನ್ ಮುಂದೆ "ಡಬ್ಲ್ಯು5" ಸೇರಿಸಿ ಹೇಳಬೇಕು, ಎಲ್ಲಿಂದ ಮಾತಾಡುತ್ತಿದ್ದೀರಿ ಅಂತಲೂ ಒಂದು ಸಲ ಹೇಳಬೇಕು. ಆದರೆ ಊರಿನ ಲೈಸೆನ್ಸಿನ ಮಿತಿಗಳೂ ಜೊತೆಗೇ ಬರುತ್ತವೆ. ರಿಸ್ಟ್ರಿಕ್ಟೆಡ್ ಗ್ರೇಡಿನ 50 ವ್ಯಾಟ್ ಇಲ್ಲೂ 50 ವ್ಯಾಟೇ. ಇಲ್ಲಿಯ ಬ್ಯಾಂಡ್ ಮಿತಿಗಳನ್ನೂ ಮೀರುವಂತಿಲ್ಲ. ಇನ್ನೊಂದು, ಎಫ್‌ಸಿಸಿ ಲೈಸೆನ್ಸ್ ನಿಮ್ಮ ಕೈಗೆ ಬಂದ ದಿನ ಈ ಸವಲತ್ತು ಮುಗಿಯುತ್ತದೆ. ಬೇಕಾದಾಗ ಇದು, ಬೇಕಾದಾಗ ಅದು ಅಂತ ಬಳಸುವ ಹಾಗಿಲ್ಲ. ನಾಲ್ಕು ತಿಂಗಳಿಗೆ ಬಂದು ಹೋಗುವವರಿಗೆ ಒಪ್ಪಂದದ ದಾರಿ ಸಾಕು. ನೀವು ಮನೆ ಮಾಡಿಕೊಂಡು ಇಲ್ಲೇ ಇದ್ದೀರಿ, ಇಲ್ಲಿಯ ಲೈಸೆನ್ಸೇ ತಗೊಳ್ಳಿ.

ಈಗ ಅಪ್ಪನವರ ಮೋರ್ಸ್ ಮಾತಿಗೆ ಬರೋಣ. ಅವರು ಹೇಳಿದ್ದಕ್ಕೆ ಕಾರಣ ಇದೆ. ಅವರು ಪರೀಕ್ಷೆ ಬರೆದ ಕಾಲದಲ್ಲಿ ಮೋರ್ಸ್ ಬಾರದವರಿಗೆ ವಿಯು2 ಸಿಗುತ್ತಲೇ ಇರಲಿಲ್ಲ. ಕೀಲಿ ಒತ್ತಿ ಒತ್ತಿ ಬೆರಳು ಪಳಗಿದವರು ಅವರು. ಅಮೆರಿಕದಲ್ಲೂ ಹಾಗೇ ಇತ್ತು. ಜನರಲ್ ಲೈಸೆನ್ಸಿಗೆ ನಿಮಿಷಕ್ಕೆ 13 ಪದ, ಎಕ್ಸ್‌ಟ್ರಾಗೆ 20 ಪದ. 2000ದ ಏಪ್ರಿಲ್ 15ರಿಂದ ಎರಡಕ್ಕೂ 5 ಪದ ಸಾಕು ಅಂತ ಇಳಿಸಿದರು. ಅದೇ ದಿನದಿಂದ ಹೊಸ ಲೈಸೆನ್ಸ್‌ಗಳು ಮೂರೇ ದರ್ಜೆಗೆ ಬಂದವು, ಕೆಳಗಿನಿಂದ ಮೇಲಕ್ಕೆ: ಟೆಕ್ನಿಷಿಯನ್, ಜನರಲ್, ಎಕ್ಸ್‌ಟ್ರಾ. ಆಮೇಲೆ 2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೋ ಸಮ್ಮೇಳನ, 30 ಮೆಗಾಹರ್ಟ್ಜ್ ಕೆಳಗೆ ಪ್ರಸಾರ ಮಾಡುವವರಿಗೆ ಮೋರ್ಸ್ ಕಡ್ಡಾಯ ಅನ್ನುವ ಅಂತರರಾಷ್ಟ್ರೀಯ ನಿಯಮ ತೆಗೆದು, ಅದನ್ನು ಆಯಾ ದೇಶಕ್ಕೆ ಬಿಟ್ಟಿತು. ಅಮೆರಿಕ 2007ರ ಫೆಬ್ರವರಿ 23ರಿಂದ ಮೋರ್ಸ್ ಪರೀಕ್ಷೆಯನ್ನು ಎಲ್ಲ ದರ್ಜೆಗೂ ಕೈಬಿಟ್ಟಿತು. ಅಂದರೆ ಇವತ್ತು ಎಕ್ಸ್‌ಟ್ರಾ ಲೈಸೆನ್ಸಿಗೂ ಒಂದೇ ಒಂದು ಡಾಟ್ ಕಲಿಯಬೇಕಾಗಿಲ್ಲ.

ಕೈಬಿಟ್ಟಿದ್ದು ಪರೀಕ್ಷೆಯನ್ನು, ಮೋರ್ಸನ್ನಲ್ಲ. ಇದನ್ನು ಅಪ್ಪನವರಿಗೆ ದಯವಿಟ್ಟು ಹೇಳಿ. ಬ್ಯಾಂಡಿನ ಕೆಳ ತುದಿಯಲ್ಲಿ ಇವತ್ತಿಗೂ ಮೋರ್ಸ್ ಕೇಳುತ್ತಲೇ ಇರುತ್ತದೆ. ಮಾತು ಗೊರಗೊರ ಅಂತ ಮುಳುಗಿಹೋದಾಗಲೂ ಅದೇ ಪವರಿನ ಮೋರ್ಸ್ ಸಣ್ಣಗೆ ದಾಟಿಕೊಳ್ಳುತ್ತದೆ.

ಗೆಳೆಯರು ಹೇಳಿದ್ದು ಅರ್ಧ ಸತ್ಯ. ಟೆಕ್ನಿಷಿಯನ್ನರಿಗೆ 50 ಮೆಗಾಹರ್ಟ್ಜ್ ಮೇಲೆ ಎಲ್ಲ ಹ್ಯಾಮ್ ಬ್ಯಾಂಡ್ ಸಿಗುತ್ತದೆ. ಕೆಳಗಿನ ಎಚ್‌ಎಫ್‌ನಲ್ಲಿ 80, 40 ಮತ್ತು 15 ಮೀಟರ್‌ಗಳಲ್ಲಿ (ಬ್ಯಾಂಡುಗಳನ್ನು ಅಲೆಯ ಉದ್ದದಿಂದ ಹೀಗೆ ಕರೆಯುತ್ತೇವೆ) ಒಂದೊಂದು ತುಂಡು, ಅದೂ ಮೋರ್ಸಿಗೆ ಮಾತ್ರ. ಮಾತಾಡೋಕೆ ಇರುವುದು 10 ಮೀಟರಿನಲ್ಲಿ 28.300ರಿಂದ 28.500 ಮೆಗಾಹರ್ಟ್ಜ್‌ವರೆಗಿನ ಜಾಗ, 200 ವ್ಯಾಟ್ ಮಿತಿಯಲ್ಲಿ. ಮೋರ್ಸ್ ಪರೀಕ್ಷೆಯನ್ನೇ ತೆಗೆದ ಮೇಲೂ ಟೆಕ್ನಿಷಿಯನ್ನರಿಗೆ ಮೋರ್ಸ್ ಜಾಗವನ್ನೇ ಕೊಟ್ಟಿರುವುದು ನನಗೆ ಸರಿ ಕಾಣುವುದಿಲ್ಲ. ಹೊಸಬರು ಮೊದಲು ಕೈಯಾಡಿಸುವುದು ಮೈಕಿನ ಮೇಲೆ ಅಲ್ವಾ? ಅಮೆರಿಕದ ಹ್ಯಾಮ್‌ಗಳ ಸಂಘ ಎಆರ್‌ಆರ್‌ಎಲ್ 2018ರಲ್ಲಿ ಟೆಕ್ನಿಷಿಯನ್ನರಿಗೆ 80, 40, 15 ಮೀಟರ್‌ಗಳಲ್ಲೂ ಮಾತಿಗೆ ಜಾಗ ಕೊಡಿ ಅಂತ ಎಫ್‌ಸಿಸಿಗೆ ಮನವಿ ಕೊಟ್ಟಿತು. ನಿಮ್ಮ ಗೆಳೆಯರ ಕಿವಿಗೆ ಬಿದ್ದಿರುವುದು ಬಹುಶಃ ಈ ಮನವಿಯ ಸುದ್ದಿ. ಮನವಿ ಬೇರೆ, ನಿಯಮ ಬೇರೆ. ಅದನ್ನು ನಂಬಿಕೊಂಡು 40 ಮೀಟರಿನಲ್ಲಿ ಮೈಕ್ ಒತ್ತಬೇಡಿ.

ಸವಲತ್ತು ಕೊಟ್ಟಿದ್ದಷ್ಟೇ ಅಲ್ಲ, ಕಿತ್ತುಕೊಂಡ ಇತಿಹಾಸವೂ ಇಲ್ಲಿದೆ. 1968ರಲ್ಲಿ ಬಂದ "ಇನ್ಸೆಂಟಿವ್ ಲೈಸೆನ್ಸಿಂಗ್" ಜನರಲ್ ಲೈಸೆನ್ಸಿನವರು ಬಳಸುತ್ತಿದ್ದ ಜಾಗದಲ್ಲಿ ಒಂದಷ್ಟನ್ನು ತೆಗೆದು ಮೇಲಿನ ದರ್ಜೆಯವರಿಗೆ ಮೀಸಲಿಟ್ಟಿತು. ಹಳೆಯ ಹ್ಯಾಮ್‌ಗಳ ಜೊತೆ ಕಾಫಿಗೆ ಕೂತರೆ ಆ ನೋವು ಈಗಲೂ ಮಾತಿಗೆ ಬರುತ್ತದೆ. ಇವತ್ತಿನ ಬ್ಯಾಂಡ್ ನಕ್ಷೆ ಹೀಗೆ ತುಂಡು ತುಂಡಾಗಿರುವುದಕ್ಕೆ ಮೂಲ ಅಲ್ಲೇ ಇದೆ. 20 ಮೀಟರನ್ನೇ ನೋಡಿ. ಜನರಲ್‌ನವರಿಗೆ ಮಾತು 14.225ರಿಂದ 14.350ವರೆಗೆ. ಎಕ್ಸ್‌ಟ್ರಾದವರಿಗೆ 14.150ರಿಂದಲೇ. ಅಪ್ಪನವರು ಮೈಸೂರಿನಿಂದ 14.180ರಲ್ಲಿ ಕರೆದರೆ ಅವರಿಗೆ ಅದು ಸರಿ, ನೀವು ಜನರಲ್ ಆಗಿದ್ದರೆ ಕೇಳಬಹುದು ಅಷ್ಟೇ, ಉತ್ತರ ಕೊಡುವಂತಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ. ಭೇಟಿಯ ಫ್ರೀಕ್ವೆನ್ಸಿಯನ್ನು ನಿಮ್ಮ ಮಿತಿ ನೋಡಿ ನೀವೇ ಗೊತ್ತು ಮಾಡಿ. 14.250ರಿಂದ ಮೇಲೆ ಇಟ್ಟುಕೊಳ್ಳಿ.

40 ಮೀಟರಿನಲ್ಲಿ ಇನ್ನೂ ಇಕ್ಕಟ್ಟು. ಭಾರತದ ಹ್ಯಾಮ್‌ಗಳಿಗೆ ಇರುವುದು 7.000ರಿಂದ 7.200. ಇಲ್ಲಿ ಜನರಲ್‌ನವರ ಮಾತು ಶುರುವಾಗುವುದೇ 7.175ರಿಂದ. ಇಬ್ಬರಿಗೂ ಕೂಡಿಬರುವುದು 25 ಕಿಲೋಹರ್ಟ್ಜ್ ಮಾತ್ರ.

ಹಾಗಾಗಿ ನನ್ನ ಸಲಹೆ: ಟೆಕ್ನಿಷಿಯನ್ನಿಗೆ ನಿಲ್ಲಬೇಡಿ. ನಿಮಗೆ ಬೇಕಾದದ್ದು ಜನರಲ್. ಟೆಕ್ನಿಷಿಯನ್ ದಾಟದೆ ಜನರಲ್ ಸಿಗುವುದಿಲ್ಲ, ಆದರೆ ಎರಡನ್ನೂ ಒಂದೇ ದಿನ ಬರೆಯಬಹುದು. ಎರಡರಲ್ಲೂ 35 ಪ್ರಶ್ನೆ, 26 ಸರಿ ಇದ್ದರೆ ಪಾಸು. ಪ್ರಶ್ನೆ, ಉತ್ತರ ಎಲ್ಲ ಮೊದಲೇ ಬಹಿರಂಗ. ವಿಯು3ಗೆ ಓದಿದ ನಿಮಗೆ ಥಿಯರಿ ಹೊಸದಲ್ಲ, ಇಲ್ಲಿಯ ನಿಯಮದ ಭಾಗಕ್ಕೆ ಜಾಸ್ತಿ ಸಮಯ ಕೊಡಿ. ಪ್ರಶ್ನೆ ಭಂಡಾರ ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತದೆ. ಟೆಕ್ನಿಷಿಯನ್ನಿನ 2022ರ ಭಂಡಾರಕ್ಕೆ 2026ರ ಜೂನ್ 30 ಕೊನೆ, ಜನರಲ್‌ನ ಈಗಿನದಕ್ಕೆ 2027ರ ಜೂನ್ 30. ಗೆಳೆಯರ ಹಳೆಯ ಪುಸ್ತಕ ಇಸ್ಕೊಳ್ಳುವ ಮೊದಲು ಅದರ ಮುಖಪುಟದ ಮೇಲಿನ ವರ್ಷ ನೋಡಿ.

ಪರೀಕ್ಷೆ ನಡೆಸುವುದು ಎಫ್‌ಸಿಸಿ ಅಧಿಕಾರಿಗಳಲ್ಲ, ನಮ್ಮಂಥ ಸ್ವಯಂಸೇವಕರು. ಕಡಿಮೆ ಅಂದರೆ ಮೂವರು ಇರಬೇಕು. ಸಾಮಾನ್ಯವಾಗಿ ಶನಿವಾರ ಬೆಳಗ್ಗೆ ಯಾವುದೋ ಲೈಬ್ರರಿಯ ಕೋಣೆ, ನಾಲ್ಕು ಮೇಜು, ಒಂದು ಡಬ್ಬಿ ಪೆನ್ಸಿಲ್. ನೀವು ಕೊಟ್ಟ ಉತ್ತರ ಪತ್ರಿಕೆಯನ್ನು ಮೂವರೂ ಬೇರೆ ಬೇರೆಯಾಗಿ ತಿದ್ದುತ್ತಾರೆ. ಹತ್ತು ನಿಮಿಷದಲ್ಲಿ ಫಲಿತಾಂಶ. ಪಾಸಾದವರಿಗೆ ಮುಂದಿನ ಪತ್ರಿಕೆಯನ್ನೂ ಬರೆಯುತ್ತೀರಾ ಅಂತ ಅಲ್ಲೇ ಕೇಳುತ್ತೇವೆ. ಸಾಮಾನ್ಯವಾಗಿ ಅದಕ್ಕೆ ಬೇರೆ ಶುಲ್ಕ ಇರುವುದಿಲ್ಲ. ಮನೆಯಿಂದಲೇ ವಿಡಿಯೋದಲ್ಲಿ ಬರೆಯುವ ವ್ಯವಸ್ಥೆಯೂ 2020ರಿಂದ ಚೆನ್ನಾಗಿ ಬೆಳೆದಿದೆ. ಆದರೂ ಮಕ್ಕಳಿಗೆ ನಾನು ಲೈಬ್ರರಿ ಕೋಣೆಯನ್ನೇ ಹೇಳುತ್ತೇನೆ. ವಿಡಿಯೋದಲ್ಲಿ ಕಣ್ಣು ಅತ್ತ ಇತ್ತ ಹೋಗಬಾರದು, ಕೋಣೆ ತೋರಿಸಬೇಕು, ಅದೆಲ್ಲ ಒಂಬತ್ತು ವರ್ಷದ ಮಗುವಿಗೆ ಗಾಬರಿ.

35 ಡಾಲರ್ ನಿಜ, ಆದರೆ ವರ್ಷಕ್ಕಲ್ಲ, ಹತ್ತು ವರ್ಷಕ್ಕೆ. 2022ರ ಏಪ್ರಿಲ್ 19ರಿಂದ ಹೊಸ ಲೈಸೆನ್ಸಿಗೆ, ನವೀಕರಣಕ್ಕೆ, ಇಷ್ಟದ ಕಾಲ್‌ಸೈನಿಗೆ ಎಫ್‌ಸಿಸಿ ಇಷ್ಟು ತಗೊಳ್ಳುತ್ತದೆ. ದರ್ಜೆ ಏರಿಸಿಕೊಳ್ಳೋಕೆ, ವಿಳಾಸ ಬದಲಿಸೋಕೆ ದುಡ್ಡಿಲ್ಲ. ಪರೀಕ್ಷೆ ನಡೆಸುವ ತಂಡದ್ದು ಬೇರೆ, ಸಣ್ಣ ಮೊತ್ತ. ಕೆಲವು ತಂಡಗಳು ಏನೂ ತಗೊಳ್ಳುವುದಿಲ್ಲ. 18 ವರ್ಷದೊಳಗಿನವರ 35 ಡಾಲರನ್ನು ಎಆರ್‌ಆರ್‌ಎಲ್ ವಾಪಸ್ ಕೊಡುವ ಯೋಜನೆಯೂ ಇದೆ, ನಿಮ್ಮ ಪರೀಕ್ಷಾ ತಂಡವನ್ನು ವಿಚಾರಿಸಿ. ತೊಂದರೆ ಆಗುವುದು ದುಡ್ಡಿನಿಂದಲ್ಲ, ಗಡುವಿನಿಂದ. ಪಾಸಾದ ಮೇಲೆ ಎಫ್‌ಸಿಸಿಯಿಂದ ಇಮೇಲ್ ಬರುತ್ತದೆ, ಹತ್ತು ದಿನದೊಳಗೆ ಕಟ್ಟಬೇಕು. ನಮ್ಮ ತಂಡದಲ್ಲಿ ಪಾಸಾದ ಒಬ್ಬ ಹುಡುಗನಿಗೆ ಆ ಇಮೇಲ್ ಸ್ಪ್ಯಾಮಿಗೆ ಹೋಗಿ ಕೂತಿತ್ತು. ಮೂರು ವಾರ ಆದ ಮೇಲೆ "ನನ್ನ ಕಾಲ್‌ಸೈನ್ ಯಾಕೆ ಬಂದಿಲ್ಲ" ಅಂತ ಫೋನ್ ಮಾಡಿದ. ಅಷ್ಟರಲ್ಲಿ ಅರ್ಜಿ ರದ್ದಾಗಿತ್ತು. ಪಾಸಾದ ದಾಖಲೆ ಇದ್ದಿದ್ದರಿಂದ ಮತ್ತೆ ಪರೀಕ್ಷೆ ಬರೆಯೋದು ತಪ್ಪಿತು, ಆದರೆ ಅರ್ಜಿ ಮತ್ತೆ ಮೊದಲಿಂದ. ಆ ಹತ್ತು ದಿನ ಸ್ಪ್ಯಾಮ್ ಫೋಲ್ಡರನ್ನು ದಿನಾ ನೋಡಿ. ಕಾಲ್‌ಸೈನ್ ಎಫ್‌ಸಿಸಿಯ ದಾಖಲೆಯಲ್ಲಿ ಕಾಣಿಸುವವರೆಗೆ ಹೊಸ ಲೈಸೆನ್ಸಿನಲ್ಲಿ ಪ್ರಸಾರ ಮಾಡಬೇಡಿ.

ನೀವು ಕೇಳದ ಒಂದು ವಿಷಯ ಇದೆ. ನಿಮ್ಮ ಆಸೆಗೆ ನಿಜವಾದ ಅಡ್ಡಿ ಅದೇ. ನಿಮಗೆ ಲೈಸೆನ್ಸ್ ಬಂತು, ಅಪ್ಪ ಸಿಕ್ಕರು ಅಂತಿಟ್ಟುಕೊಳ್ಳಿ. ಮೈಕನ್ನು ಮಗಳ ಕೈಗೆ ಕೊಟ್ಟು "ಮಾತಾಡು ಪುಟ್ಟಾ" ಅನ್ನುವ ಹಾಗಿಲ್ಲ. ಲೈಸೆನ್ಸ್ ಇಲ್ಲದ ಮೂರನೆಯವರ ಪರವಾಗಿ ಬೇರೆ ದೇಶಕ್ಕೆ ಸಂದೇಶ ಕಳಿಸಬೇಕಾದರೆ, ಆ ದೇಶಕ್ಕೂ ಅಮೆರಿಕಕ್ಕೂ ಅದಕ್ಕೆಂದೇ ಬೇರೆ ಒಪ್ಪಂದ ಇರಬೇಕು. ಭಾರತ ಆ ಪಟ್ಟಿಯಲ್ಲಿ ಇಲ್ಲ. ಮೊದಲು ಹೇಳಿದ ಪರಸ್ಪರ ಒಪ್ಪಂದ ಬೇರೆ, ಇದು ಬೇರೆ. ನೀವು ಪಕ್ಕದಲ್ಲೇ ಕೂತಿದ್ದರೂ ಇದು ಬದಲಾಗುವುದಿಲ್ಲ. "ತಾತಾ, ಊಟ ಆಯ್ತಾ" ಅನ್ನುವ ಒಂದು ಮಾತಿಗೂ ಇದೇ ನಿಯಮ. ತುರ್ತು ಮತ್ತು ವಿಪತ್ತು ಪರಿಹಾರದ ಸಂದೇಶ ಮಾತ್ರ ಇದರಿಂದ ಹೊರಗೆ.

ದಾರಿಯನ್ನೂ ಅದೇ ನಿಯಮ ಕೊಟ್ಟಿದೆ. ಲೈಸೆನ್ಸ್ ಇದ್ದು, ಸ್ಟೇಷನ್ ನಡೆಸಲು ಅರ್ಹರಾದವರಿಗೆ ಈ ತಡೆ ಇಲ್ಲ. ಅಮೆರಿಕದಲ್ಲಿ ಹ್ಯಾಮ್ ಲೈಸೆನ್ಸಿಗೆ ವಯಸ್ಸಿನ ಮಿತಿಯೂ ಇಲ್ಲ. 13ರ ಮಗುವಿಗೆ ಟೆಕ್ನಿಷಿಯನ್ ಖಂಡಿತ ಸಾಧ್ಯ. 9ರ ಮಗುವಿಗೂ ಕಷ್ಟ ಆಗಬಹುದು, ಅಸಾಧ್ಯ ಅಲ್ಲ, ಅದೇ ವಯಸ್ಸಿನವರು ಪಾಸಾಗಿ ಕುಣಿದಿದ್ದನ್ನು ಕಣ್ಣಾರೆ ನೋಡಿದ್ದೇನೆ. ನೀವು ಜನರಲ್ ಆಗಿ ಪಕ್ಕದಲ್ಲಿ ಕೂತು ಸ್ಟೇಷನ್ ನೋಡಿಕೊಂಡರೆ, ಟೆಕ್ನಿಷಿಯನ್ ಆದ ಮಗು ನಿಮ್ಮ 20 ಮೀಟರಿನಲ್ಲಿ ತಾತನ ಜೊತೆ ಮಾತಾಡಬಹುದು. ಆಗ ಹೇಳಬೇಕಾದ್ದು ನಿಮ್ಮ ಕಾಲ್‌ಸೈನ್, ಹೊಣೆಯೂ ನಿಮ್ಮದೇ. ಮೈಸೂರಿನ ತುದಿಯಲ್ಲಿ ಅಪ್ಪನವರು ತಮ್ಮ ಲೈಸೆನ್ಸಿನ ಷರತ್ತು ಪಾಲಿಸಬೇಕು. ಅಲ್ಲಿ ಅಜ್ಜಿಗೆ ಸುಮ್ನೆ ಮೈಕ್ ದಾಟಿಸಿಬಿಡೋದು ಬೇಡ.

ಇನ್ನು ಭಾಷೆ. ಕನ್ನಡದಲ್ಲಿ ಧಾರಾಳವಾಗಿ ಮಾತಾಡಿ. ಎಫ್‌ಸಿಸಿ ಇಂಗ್ಲಿಷ್ ಕೇಳುವುದು ಕಾಲ್‌ಸೈನ್ ಹೇಳುವಾಗ ಮಾತ್ರ, ಹತ್ತು ನಿಮಿಷಕ್ಕೊಮ್ಮೆ ಮತ್ತು ಮಾತು ಮುಗಿಸುವಾಗ. ಸಂಕೇತ ಭಾಷೆಯಲ್ಲಿ ಅರ್ಥ ಮರೆಮಾಚುವುದು, ಹಾಡು ಹಾಕುವುದು, ಮನೆ ಬಾಡಿಗೆ ವ್ಯವಹಾರ ಮಾತಾಡುವುದು ಬೇಡ.

ಎಚ್‌ಒಎ ವಿಷಯದಲ್ಲಿ ಸಿಹಿ ಸುದ್ದಿ ಕೊಡೋಕೆ ಆಗುವುದಿಲ್ಲ. ಎಫ್‌ಸಿಸಿ 1985ರಲ್ಲಿ ಪಿಆರ್‌ಬಿ-1 ಅನ್ನೋ ಆದೇಶ ಹೊರಡಿಸಿ, ಊರಿನ ಆಡಳಿತಗಳು ಹ್ಯಾಮ್ ಆಂಟೆನಾಕ್ಕೆ ತಕ್ಕಮಟ್ಟಿಗೆ ಅವಕಾಶ ಕೊಡಲೇಬೇಕು ಅಂತ ಹೇಳಿತು. ಆದರೆ ಅದು ನಗರಸಭೆಗೆ ಅನ್ವಯ, ನೀವು ಮನೆ ತಗೊಳ್ಳುವಾಗ ಸಹಿ ಹಾಕಿದ ಖಾಸಗಿ ಕರಾರಿಗೆ ಅಲ್ಲ. ಡಿಶ್ ಆಂಟೆನಾಕ್ಕೆ ಎಚ್‌ಒಎ ಅಡ್ಡ ಬರುವಂತಿಲ್ಲ ಅನ್ನುವ ಇನ್ನೊಂದು ನಿಯಮ ತೋರಿಸಿ ವಾದ ಮಾಡುವವರಿದ್ದಾರೆ. ಅದು ಹ್ಯಾಮ್ ಆಂಟೆನಾಕ್ಕೆ ಸೇರುವುದಿಲ್ಲ. ಕರಾರು ಬದಲಿಸುವ ಮಸೂದೆಗಳು ಸಂಸತ್ತಿಗೆ ಹಲವು ಸಲ ಹೋದವು, ಕಾನೂನು ಆಗಲಿಲ್ಲ. ಮೊದಲು ಕರಾರು ಪತ್ರ ತೆಗೆದು "ಆಂಟೆನಾ" ಅನ್ನೋ ಪದ ಎಲ್ಲೆಲ್ಲಿದೆ ಓದಿ. ಕೆಲವು ಕಡೆ ಪೂರ್ತಿ ನಿಷೇಧ, ಕೆಲವು ಕಡೆ ಬೀದಿಗೆ ಕಾಣಬಾರದು ಅಂತ ಮಾತ್ರ. ಎರಡನೆಯದಾಗಿದ್ದರೆ ಕಮಿಟಿಗೆ ಲಿಖಿತ ಅರ್ಜಿ ಕೊಡಿ. ಕದ್ದು ಮೇಲೆ ಕಟ್ಟಿ ಸಿಕ್ಕಿಬಿದ್ದರೆ ದಂಡ ಬೀಳುತ್ತದೆ, ಅಕ್ಕಪಕ್ಕದವರ ಮನಸ್ಸೂ ಕೆಡುತ್ತದೆ.

ಅಲ್ಲಿಯವರೆಗೆ ಮಾಡಬಹುದಾದ್ದು ಇದೆ. 20 ಮೀಟರ್ ಬ್ಯಾಂಡಿನ ಡೈಪೋಲ್ (ಸರಳ ತಂತಿ ಆಂಟೆನಾ) ತುದಿಯಿಂದ ತುದಿಗೆ ಸುಮಾರು 10 ಮೀಟರ್, ನಿಮ್ಮ ಮನೆಯ ಸೂರಿನ ಕೆಳಗಿನ ಅಟ್ಟದಲ್ಲಿ ಹಿಡಿಸುತ್ತದೆ. ಹೊರಗಿನ ಆಂಟೆನಾದಷ್ಟು ಕೇಳುವುದಿಲ್ಲ, ಮನೆಯ ಎಲ್‌ಇಡಿ ದೀಪ, ಚಾರ್ಜರ್‌ಗಳ ಗದ್ದಲ ಹಿಡಿಯುತ್ತದೆ. ಹೊಗೆ ಅಲಾರಂ ಸುಮ್ನೆ ಕೂಗಲೂಬಹುದು. ಮುಖ್ಯವಾಗಿ, ಅಟ್ಟದ ಕೆಳಗೇ ಮಕ್ಕಳು ಮಲಗುವ ಕೋಣೆ ಇದೆಯಾ ನೋಡಿ. ರೇಡಿಯೋ ಅಲೆಗಳಿಗೆ ಒಡ್ಡಿಕೊಳ್ಳುವ ಮಿತಿಯ ಬಗ್ಗೆ 2021ರ ಮೇ 3ರಿಂದ ಹೊಸ ಕ್ರಮ ಬಂದಿದೆ. ಹ್ಯಾಮ್‌ಗಳಿಗೆ ಮೊದಲಿದ್ದ ಸಾರಾಸಗಟು ವಿನಾಯಿತಿ ಈಗ ಇಲ್ಲ, ಪ್ರತಿ ಸ್ಟೇಷನ್ನಿನ ಲೆಕ್ಕವನ್ನೂ ಮಾಡಿಯೇ ನೋಡಬೇಕು. ಪವರ್, ಫ್ರೀಕ್ವೆನ್ಸಿ, ದೂರ ಕೊಟ್ಟರೆ ಆನ್‌ಲೈನ್ ಲೆಕ್ಕಪಟ್ಟಿಗಳು ಐದು ನಿಮಿಷದಲ್ಲಿ ಹೇಳುತ್ತವೆ. ಬರೆದಿಟ್ಟುಕೊಳ್ಳಿ. ನನಗೆ ಹೆಚ್ಚು ಇಷ್ಟವಾದ ದಾರಿ ಪಾರ್ಕು: ಒಂದು ಬ್ಯಾಟರಿ, 100 ವ್ಯಾಟಿನ ಸೆಟ್, ಮರದ ಕೊಂಬೆಗೆ ಎಸೆದ ತಂತಿ. ಅಲ್ಲಿ ಎಚ್‌ಒಎಯೂ ಇಲ್ಲ, ಚಾರ್ಜರ್ ಗದ್ದಲವೂ ಇಲ್ಲ. ಪಾರ್ಕಿನ ನಿಯಮ ನೋಡಿಕೊಳ್ಳಿ, ಅಷ್ಟೇ.

ಊರಿಗೆ ಹೋಗುವಾಗ ಇಲ್ಲಿ ಕೊಂಡ ಹ್ಯಾಂಡ್‌ಹೆಲ್ಡನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೊರಡಬೇಡಿ. ಭಾರತದಲ್ಲಿ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವುದಕ್ಕೇ ಅನುಮತಿ ಬೇಕು. ಅಮೆರಿಕದ ಲೈಸೆನ್ಸ್ ಅಲ್ಲಿ ತಾನಾಗಿ ನಡೆಯುವುದಿಲ್ಲ. ನಿಮ್ಮ ವಿಯು3ಯನ್ನು ಕಳೆದುಕೊಳ್ಳದೆ ಉಳಿಸಿಕೊಳ್ಳಿ, ಊರಲ್ಲಿ ಅದೇ ಆಸರೆ.

ಕೊನೆಗೆ ಮೈಸೂರು ಸಿಗುವುದು ಯಾವಾಗ ಅನ್ನೋದು. ಫ್ರಿಸ್ಕೋ 97 ಡಿಗ್ರಿ ಪಶ್ಚಿಮದ ಆಸುಪಾಸು, ಮೈಸೂರು 77 ಡಿಗ್ರಿ ಪೂರ್ವದ ಆಸುಪಾಸು. ಭೂಮಿಯ ಹೆಚ್ಚುಕಡಿಮೆ ಆ ಬದಿ, ಈ ಬದಿ. ನೇರ ದಾರಿ ಉತ್ತರ ಧ್ರುವದ ಹತ್ತಿರ ಹಾದು ಸುಮಾರು 15 ಸಾವಿರ ಕಿಲೋಮೀಟರ್. ಸೂರ್ಯ ಕೆರಳಿದ ದಿನ ಧ್ರುವದ ದಾರಿ ಮುಚ್ಚಿಬಿಡುತ್ತದೆ, ಆಗ ನಿಮ್ಮ ಸೆಟ್ಟು ಕೆಟ್ಟಿದೆ ಅಂದುಕೊಳ್ಳಬೇಡಿ. ಆದರೆ ಇದೇ ಎದುರುಬದುರಿನಿಂದ ಒಂದು ಅನುಕೂಲ ಇದೆ. ಚಳಿಗಾಲದಲ್ಲಿ ನಿಮ್ಮಲ್ಲಿ ಬೆಳಗ್ಗೆ 7 ಗಂಟೆ ಅಂದರೆ ಅಲ್ಲಿ ಸಂಜೆ 6.30. ಇಲ್ಲಿ ಹೊತ್ತು ಹುಟ್ಟುವಾಗ ಅಲ್ಲಿ ಹೊತ್ತು ಮುಳುಗುತ್ತಿರುತ್ತದೆ. ಕತ್ತಲೆ ಬೆಳಕು ಸೇರುವ ಆ ಅರ್ಧ ಗಂಟೆ ದೂರದ ಸಿಗ್ನಲ್‌ಗೆ ಒಳ್ಳೆಯ ಹೊತ್ತು. ಒಂದು ಡಿಸೆಂಬರ್ ಬೆಳಗ್ಗೆ ಅಡಿಗೆಮನೆಯ ಮೇಜಿನ ಮೇಲೆ ಸೆಟ್ ಇಟ್ಟುಕೊಂಡು ಡಯಲ್ ತಿರುಗಿಸುತ್ತಿದ್ದೆ. ಸೊಯ್ಯ್ ಅನ್ನುವ ಗದ್ದಲದ ಒಳಗಿಂದ ಬೆಂಗಳೂರಿನ ಇಬ್ಬರು "ಏನ್ ಸ್ವಾಮಿ, ಕಾಫಿ ಆಯ್ತಾ" ಅಂತ ಮಾತಾಡುತ್ತಿದ್ದದ್ದು ಕೇಳಿಸಿತು. ಒಂದೂವರೆ ನಿಮಿಷ ಇತ್ತು, ಹೋಯಿತು. ನನ್ನ ಕಾಫಿ ಆರಿಹೋಗಿತ್ತು.

ಕೇಳೋಕೆ ಲೈಸೆನ್ಸ್ ಬೇಡ. ಪರೀಕ್ಷೆಗೆ ಓದುತ್ತಿರುವ ಈ ವಾರಗಳಲ್ಲೇ ಒಂದು ರಿಸೀವರ್ ಇಟ್ಟುಕೊಂಡು ಮಕ್ಕಳ ಜೊತೆ ಬೆಳಗ್ಗೆ ಕೂತುಕೊಳ್ಳಿ. 14.250ರಿಂದ ಮೇಲೆ ಅಪ್ಪನವರಿಗೆ ಒಂದು ಫ್ರೀಕ್ವೆನ್ಸಿ ಕೊಡಿ, ವಾರದ ಒಂದು ದಿನ ಗೊತ್ತು ಮಾಡಿ. ಅಲ್ಲಿಂದ ಅವರು ಕರೆಯಲಿ. ಕೇಳಿಸಿತೋ ಇಲ್ಲವೋ ಅಂತ ಫೋನಿನಲ್ಲಿ ಹೇಳಿ, ತಾರೀಖು, ಹೊತ್ತು ಬರೆದಿಟ್ಟುಕೊಳ್ಳಿ. ನಿಮ್ಮ ಕಾಲ್‌ಸೈನ್ ಬರುವಷ್ಟರಲ್ಲಿ ಯಾವ ಹೊತ್ತಿಗೆ ಮೈಸೂರು ತೆರೆಯುತ್ತದೆ ಅಂತ ಮಕ್ಕಳಿಗೇ ಗೊತ್ತಿರುತ್ತದೆ.